ಗೇರಕ್ಕನ ಬಸ್ಸಿನ ಮುಂದಿನ ಸೀಟು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಗಡಿನ ಶೆಡ್ಡಿನಲ್ಲಿ ನಿಂತ ಹಳೆಯ ಬಸ್ಸಿನ ಬಾನೆಟ್ಟು ಬಾಯಿ ತೆರೆದುಕೊಂಡಿದೆ. ಯಜಮಾನರು ಒಂದು ಕೈಯಲ್ಲಿ ಟಾರ್ಚು ಹಿಡಿದು, ಇನ್ನೊಂದು ಕೈಯಲ್ಲಿ ರೇಡಿಯೇಟರಿಗೆ ನೀರು ಸುರಿಯುತ್ತಿದ್ದಾರೆ. ಅವರ ಹೆಂಡತಿ ಬಸ್ಸಿನೊಳಗೆ ಸೀಟು ಒರೆಸುತ್ತಿದ್ದಾರೆ. ಎಲ್ಲ ಸೀಟುಗಳನ್ನಲ್ಲ, ಡ್ರೈವರ್ ಪಕ್ಕದ ಒಂದೇ ಒಂದು ಸೀಟನ್ನು. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ, ಕೊನೆಗೆ ಅಂಗೈ ಆಡಿಸಿ ನೋಡಿದ ಮೇಲೇ ಅವರಿಗೆ ಸಮಾಧಾನ. ಉಳಿದ ಸೀಟುಗಳ ಮೇಲೆ ನಿನ್ನೆಯ ಧೂಳು ಹಾಗೇ ಇದೆ.

"ಹಿಂದೆ ಕೂರೋರು ಕೆಲಸಕ್ಕೆ ಹೋಗೋರು ಸಾರ್, ಕೆಲಸದ ಬಟ್ಟೇಲೇ ಬಂದಿರ್ತಾರೆ. ಸಂಜೆಗೆ ಹೇಗೂ ಕೊಳೆ ಆಗುತ್ತೆ. ಈ ಸೀಟಲ್ಲಿ ಕೂರೋರು ಮಾತ್ರ ಇರೋದ್ರಲ್ಲೇ ಒಳ್ಳೇದು ಹಾಕ್ಕೊಂಡು ಬಂದಿರ್ತಾರೆ. ಕಲೆ ಆಗ್ಬಾರ್ದಲ್ಲ" ಎನ್ನುತ್ತಾರೆ ಅವರು.

ಈ ಬಸ್ಸು ಓಡಿಸುವ ಇವರಿಗೆ ಸುತ್ತಲಿನ ಹಳ್ಳಿಗಳಲ್ಲಿ ಗೇರಕ್ಕ ಎಂದೇ ಹೆಸರು. ಈ ಬಸ್ಸು ಎರಡನೇ ಗೇರಿಗೆ ಬೀಳುವಾಗ ಊರಿನ ನಾಯಿಗಳೆಲ್ಲ ಎದ್ದು ಕೂರುವಂಥ ಒಂದು ಕಿರುಚು ಹೊರಡಿಸುತ್ತದೆ. ಆ ಕಿರುಚು ಕೇಳಿದರೆ ಜನ ಅರ್ಧ ಕುಡಿದ ಚಹಾ ಕೆಳಗಿಟ್ಟು, ಚಪ್ಪಲಿ ಸಿಕ್ಕಿಸಿಕೊಂಡು ರಸ್ತೆಗೆ ಓಡುತ್ತಾರೆ. ಯಜಮಾನರು ಸೈಕಲ್ಲಿನಿಂದ ಟ್ರ್ಯಾಕ್ಟರಿನವರೆಗೆ ಏನು ಕೊಟ್ಟರೂ ರಿಪೇರಿ ಮಾಡುವ ಆಸಾಮಿ. ಈ ಗೇರನ್ನು ಮಾತ್ರ ಬೇಕೆಂದೇ ಮುಟ್ಟಿಲ್ಲ. "ಇದನ್ನ ಸರಿ ಮಾಡಿದ್ರೆ ಅರ್ಧ ಜನಕ್ಕೆ ಬಸ್ಸು ಬಂದಿದ್ದೇ ಗೊತ್ತಾಗಲ್ಲ" ಎಂಬುದು ಅವರ ಸಮಜಾಯಿಷಿ.

ಈ ಬಸ್ಸಿನ ಮೈಮೇಲೆ ಬಿಳಿ ಬಣ್ಣದ ಕೆಳಗೆ ಇನ್ನೂ ಮಬ್ಬಾಗಿ ಕಾಣುವ ಅಕ್ಷರಗಳಿವೆ. ಒಂದು ಕಾಲಕ್ಕೆ ಇದು ನೂಲಿನ ಗಿರಣಿಯ ಬಸ್ಸು. ಸುತ್ತಲಿನ ಹಳ್ಳಿಗಳ ಹೊಟ್ಟೆಪಾಡೆಲ್ಲ ಆ ಒಂದು ಗಿರಣಿಯಲ್ಲಿತ್ತು. ಸೈರನ್ ಕೂಗಿದರೆ ಊಟ, ಸೈರನ್ ಕೂಗಿದರೆ ಮನೆ. ಗಿರಣಿ ಮುಚ್ಚಿದ ಮೇಲೆ ಕೆಲಸ ಪೂರ್ತಿ ಹೋಯಿತು ಎನ್ನುವಂತಿಲ್ಲ, ಚೂರುಚೂರಾಗಿ ಚೆದುರಿತು. ಒಂದು ಕಡೆ ಮೊಟ್ಟೆ ಫಾರಂ ಬಂತು. ಇನ್ನೊಂದು ಕಡೆ ಆಸ್ಪತ್ರೆಗಳ ಬಟ್ಟೆ ಒಗೆದು ಕೊಡುವ ದೊಡ್ಡ ಲಾಂಡ್ರಿ, ಹೆದ್ದಾರಿಯ ಮಗ್ಗುಲಲ್ಲಿ ತರಕಾರಿ ಪ್ಯಾಕ್ ಮಾಡುವ ಶೆಡ್ಡು, ಇತ್ತೀಚೆಗೆ ಬಿತ್ತನೆ ಬೀಜ ಸೋಸಿ ಚೀಲ ತುಂಬುವ ಕಾರ್ಖಾನೆ. ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುವ ಮಾತೇ ಇಲ್ಲ. ಬೇರೆ ಬಸ್ಸೂ ಇಲ್ಲ.

"ಜನ ಸಿಗಲ್ಲ ಅಂತ ಫ್ಯಾಕ್ಟರಿ ಗೇಟಿನವರು ತಲೆ ಮೇಲೆ ಕೈ ಹೊತ್ಕೊಂಡಿದ್ರು. ಕೆಲಸ ಸಿಗಲ್ಲ ಅಂತ ಜನಾನೂ ತಲೆ ಮೇಲೆ ಕೈ ಹೊತ್ಕೊಂಡಿದ್ರು. ನಡುವೆ ಇದ್ದಿದ್ದು ಬರೀ ರಸ್ತೆ ಸಾರ್. ನಂಗೆ ನಗು ಬಂತು. ಆಮೇಲೆ ಬಸ್ಸು ತಗೊಂಡ್ವಿ" ಎಂದು ಗೇರಕ್ಕ ಹೇಳುತ್ತಾರೆ. ಪತ್ರಿಕೆಯ ಕೆಲಸಕ್ಕಾಗಿ ಉದ್ಯೋಗದ ಬಗ್ಗೆ ನಾನು ಓದಿರುವ ದಪ್ಪ ದಪ್ಪ ವರದಿಗಳಲ್ಲಿ ಇಷ್ಟು ನೇರವಾದ ಮಾತು ನನಗೆ ಸಿಕ್ಕಿಲ್ಲ.

ಗಿರಣಿಯಲ್ಲಿ ಅವರು ಹತ್ತಿಯ ಧೂಳು ಗುಡಿಸುತ್ತಿದ್ದರು. ಮದುವೆಯಾದ ಹೊಸತರಲ್ಲಿ ಕೆಲಸ ಕೇಳಿಕೊಂಡು ಗೇಟಿನ ಮುಂದೆ ನಿಂತಿದ್ದರಂತೆ. ಅಲ್ಲಿ ಕೆಲಸಗಾರರನ್ನು ಸೇರಿಸಿಕೊಳ್ಳುತ್ತಿದ್ದವರು ಮೇಸ್ತ್ರಿ. ಹಾಲು ಬಿಳುಪಿನ ಅಂಗಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು. ಅವರು ಯಾರನ್ನೂ ಹೆಚ್ಚು ಪ್ರಶ್ನೆ ಕೇಳುತ್ತಿರಲಿಲ್ಲ. ಮುಖ ನೋಡಿ, "ನಾಳೆಯಿಂದ ಬಾ" ಎನ್ನುತ್ತಿದ್ದರು. ಈ ಬಸ್ಸಿನಲ್ಲಿ ಓಡಾಡುವ ಮಧ್ಯವಯಸ್ಸಿನವರಲ್ಲಿ ಬಹುಪಾಲು ಮಂದಿ ಆ ಮಾತು ಕೇಳಿಯೇ ಬದುಕು ಕಟ್ಟಿಕೊಂಡವರು.

ಆ ಮೇಸ್ತ್ರಿಯ ಕಥೆಗೇ ಇವತ್ತಿನ ಬೆಳಗು ತಳಕು ಹಾಕಿಕೊಂಡಿದೆ. ಅದಕ್ಕೆ ಮೊದಲು ಮುಂದಿನ ಸೀಟಿನ ವಿಷಯ ಹೇಳಿಬಿಡುತ್ತೇನೆ.

ಬಸ್ಸು ಶುರುವಾದ ಮೊದಲ ತಿಂಗಳಲ್ಲಿ ಒಬ್ಬಾಕೆ ಹತ್ತಿದರಂತೆ. ಹೋಗಬೇಕಾದ ಗೇಟು ಯಾವುದೆಂದು ಕೇಳಿದರೆ ತಲೆ ತಗ್ಗಿಸಿದರು. ಮನೆಯಲ್ಲಿ ಕೂತು ಕೂತು ಸಾಕಾಗಿ ಸುಮ್ಮನೆ ಹತ್ತಿಬಿಟ್ಟಿದ್ದರು. ಬಸ್ಸು ತುಂಬಿತ್ತು, ಡ್ರೈವರ್ ಪಕ್ಕದ ಸೀಟು ಮಾತ್ರ ಖಾಲಿ. ಲಾಂಡ್ರಿಯ ಗೇಟಿನಲ್ಲಿ ಉಸ್ತುವಾರಿಯವನು, "ಇವರ್ಯಾರು, ಹೊಸಬರು?" ಎಂದು ಕೇಳಿದ. ಆಕೆಗೆ ಅಲ್ಲೇ ಕೆಲಸವಾಯಿತು. ಮಾರನೆಯ ದಿನ ಇನ್ನೊಬ್ಬರು ತಾವಾಗಿಯೇ ಬಂದು ಅದೇ ಸೀಟಿನಲ್ಲಿ ಕೂತರು. ಅದು ಹಾಗೇ ರೂಢಿಯಾಯಿತು. ಕೆಲಸ ಇಲ್ಲದವರು ಮುಂದೆ, ಇದ್ದವರು ಹಿಂದೆ. ಮುಂದೆ ಕೂತವರಿಗೆ ಟಿಕೆಟ್ಟಿಲ್ಲ. ಯಾರೂ ಯಾರ ಪರವಾಗಿಯೂ ಬಾಯಿ ಹಾಕುವುದಿಲ್ಲ. ಸೀಟಿನಲ್ಲಿ ಜನ ಇದ್ದರೆ ಗೇರಕ್ಕ ಗೇಟಿನ ಮುಂದೆ ಎರಡು ಸಲ ಚಿಕ್ಕದಾಗಿ ಹಾರ್ನ್ ಹೊಡೆಯುತ್ತಾರೆ, ಖಾಲಿ ಇದ್ದರೆ ಒಂದೇ ಒಂದು ಉದ್ದ ಹಾರ್ನ್. ಎರಡು ಸಲ ಕೇಳಿದರೆ ಒಳಗಿನವರು ಬಂದು ಕಿಟಕಿಯಲ್ಲಿ ಇಣುಕುತ್ತಾರೆ. ಬೇಕಾದರೆ ಇಳಿಸಿಕೊಳ್ಳುತ್ತಾರೆ, ಬೇಡದಿದ್ದರೆ ಬಸ್ಸು ಮುಂದಿನ ಗೇಟಿಗೆ ಹೋಗುತ್ತದೆ.

"ಒಂದೇ ಕಷ್ಟ ಅಂದ್ರೆ, ತಾವಾಗೇ ಬಂದು ಕೂರ್ಬೇಕು. ನಾನು ಕೈ ಹಿಡ್ಕೊಂಡು ಎಳ್ಕೊಂಡು ಬರೋಕಾಗಲ್ಲ. ಮೇಸ್ತ್ರಿಯವರು ಜಪ್ಪಯ್ಯ ಅಂದ್ರೂ ಕೂರ್ತಿಲ್ಲ."

ಗಿರಣಿ ಮುಚ್ಚಿದ ಮೇಲೂ ಮೇಸ್ತ್ರಿ ದಿನಾ ಗಿರಣಿಗೆ ಹೋಗುತ್ತಿದ್ದರು. ಕಾವಲುಗಾರ ಹಳೆಯ ಪರಿಚಯದವನು, ಒಳಗೆ ಬಿಡುತ್ತಿದ್ದ. ನಿಂತ ಯಂತ್ರಗಳಿಗೆ ಎಣ್ಣೆ ಹಾಕಿ, ಒರೆಸಿ ಬರುತ್ತಿದ್ದರು. ಹೋದ ತಿಂಗಳು ಲಾರಿಗಳು ಬಂದು ಆ ಯಂತ್ರಗಳನ್ನೂ ಗುಜರಿಗೆ ಹೊತ್ತುಕೊಂಡು ಹೋದವು. ಆದರೂ ಮೇಸ್ತ್ರಿ ಅದೇ ಬಿಳಿ ಅಂಗಿ ತೊಟ್ಟು ಬಸ್ಸು ಹತ್ತುತ್ತಾರೆ, ಕೊನೆಯ ಸಾಲಿನ ಕಿಟಕಿ ಪಕ್ಕ ಕೂರುತ್ತಾರೆ, ಗಿರಣಿಯ ಗೇಟಿನಲ್ಲಿ ಇಳಿಯುತ್ತಾರೆ. ಸಂಜೆಯವರೆಗೆ ಅಲ್ಲಿ ಏನು ಮಾಡುತ್ತಾರೆಂದು ಯಾರೂ ಕೇಳುವುದಿಲ್ಲ. ಮನೆಯಲ್ಲಿ ಹೆಂಡತಿ ನಾಲ್ಕು ಮನೆಯ ಬಟ್ಟೆ ಹೊಲಿದು ಸಂಸಾರ ತೂಗಿಸುತ್ತಿದ್ದಾರೆ.

ಬೀಜದ ಕಾರ್ಖಾನೆಯಲ್ಲಿ ಬೆಲ್ಟುಗಳನ್ನು, ಜರಡಿಗಳನ್ನು ನೋಡಿಕೊಳ್ಳುವ ಒಬ್ಬರು ಬೇಕಾಗಿದ್ದಾರೆ. ಮ್ಯಾನೇಜರು ಇವತ್ತಿನವರೆಗೆ ಕಾಯುತ್ತೇನೆ, ಆಮೇಲೆ ಪೇಟೆಯಿಂದ ಜನ ಕರೆಸುತ್ತೇನೆ ಎಂದು ಗೇರಕ್ಕನಿಗೆ ಹೇಳಿಬಿಟ್ಟಿದ್ದಾರೆ. ಗೇರಕ್ಕ ಈ ಸುದ್ದಿಯನ್ನು ಮೇಸ್ತ್ರಿಯ ಕಿವಿಗೂ ಹಾಕಿದ್ದಾರೆ. ಅವರು, "ನನ್ನ ಹೆಸರು ಎಲ್ಲೂ ಎತ್ತಬೇಡ ಹುಡುಗಿ" ಎಂದು ಭಾಷೆ ತೆಗೆದುಕೊಂಡರಂತೆ. ಗೇರಕ್ಕನಿಗೆ ಮೊಮ್ಮಗು ಹುಟ್ಟಿ ಆಗಿದೆ, ಮೇಸ್ತ್ರಿಯ ಬಾಯಲ್ಲಿ ಇನ್ನೂ ಹುಡುಗಿ.

"ಅವರ ಕಷ್ಟ ನಂಗೆ ಅರ್ಥ ಆಗುತ್ತೆ ಸಾರ್. ಹಿಂದೆ ಕೂತಿರೋರಿಗೆಲ್ಲ ಕೆಲಸ ಕೊಟ್ಟೋರು ಅವರು. ಅಂಥೋರ ಕಣ್ಣೆದುರಿಗೇ ಮುಂದೆ ಬಂದು ಕೂರೋದು ಅಂದ್ರೆ ಸುಮ್ನೆ ಆಯ್ತಾ?"

ಇಷ್ಟೆಲ್ಲ ಹೇಳಿ ಅವರು ಬಟ್ಟೆ ಮಡಚಿಟ್ಟು ನನಗೆ, "ಬನ್ನಿ, ಇಲ್ಲಿ ಕೂತ್ಕೊಳ್ಳಿ" ಎನ್ನುತ್ತಾರೆ. ಒರೆಸಿ ಫಳಫಳ ಮಾಡಿದ ಅದೇ ಸೀಟು ತೋರಿಸಿ!

ನಾನು ತಬ್ಬಿಬ್ಬಾಗುತ್ತೇನೆ. ಮೇಸ್ತ್ರಿಗೆಂದು ಇಟ್ಟ ಜಾಗದಲ್ಲಿ ನಾನೇಕೆ? "ಕೂತ್ಕೊಳ್ಳಿ ಸಾರ್, ಅತಿಥಿಗಳು" ಎನ್ನುತ್ತ ಅವರು ಯಜಮಾನರಿಗೆ ಬಾನೆಟ್ಟು ಮುಚ್ಚಲು ಹೇಳುತ್ತಾರೆ. ಮನೆಯ ಕಿಟಕಿಯಿಂದ ಅವರ ಅತ್ತೆ ಇಣುಕಿ, "ನಿಧಾನ ಕಣೇ" ಎಂದು ಕೂಗುತ್ತಾರೆ. ಸೊಸೆ ಬಸ್ಸು ಓಡಿಸುತ್ತಾಳೆಂದಾಗ ಮೂಗು ಮುರಿದು ಒಂದು ವಾರ ಮಾತು ಬಿಟ್ಟಿದ್ದ ಅತ್ತೆ ಇವರೇ. ಈಗ ಸಂಜೆ ಎರಡನೇ ಗೇರಿನ ಕಿರುಚು ಕೇಳುವವರೆಗೆ ಕಿಟಕಿ ಬಿಟ್ಟು ಕದಲುವುದಿಲ್ಲವಂತೆ.

ಬಸ್ಸು ಹೊರಡುತ್ತದೆ. ಹಳ್ಳಿ ಹಳ್ಳಿಯಲ್ಲಿ ಜನ ಹತ್ತುತ್ತಾರೆ. ಹತ್ತಿದವರೆಲ್ಲ ಮೊದಲು ನನ್ನನ್ನು ನೋಡಿ, ಆಮೇಲೆ "ಪಾಪ" ಎನ್ನುವಂಥ ಮುಖ ಮಾಡಿ ಹಿಂದೆ ಹೋಗುತ್ತಾರೆ. ಒಬ್ಬ ಅಜ್ಜಿಯಂತೂ ನನ್ನ ಭುಜ ತಟ್ಟಿ, "ಸಿಗುತ್ತೆ ಬಿಡಪ್ಪಾ, ಎದೆಗುಂದಬೇಡ" ಎಂದು ಸಮಾಧಾನ ಹೇಳುತ್ತಾರೆ. ನಾನು ಪೇಪರಿನವನು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಆಗಲೇ ಸೀಟು ಹಿಡಿದಿರುತ್ತಾರೆ. ಗೇರಕ್ಕ ರಸ್ತೆ ಬಿಟ್ಟು ಬೇರೆಲ್ಲೂ ನೋಡುವುದಿಲ್ಲ, ತುಟಿಯ ಕೊನೆ ಮಾತ್ರ ಸಣ್ಣಗೆ ಕೊಂಕಿದೆ.

ದೊಡ್ಡ ಮರದ ತಿರುವಿನಲ್ಲಿ ಮೇಸ್ತ್ರಿ ಹತ್ತುತ್ತಾರೆ. ಬಿಳಿ ಅಂಗಿ ಇಸ್ತ್ರಿಯಾಗಿದೆ, ಕಾಲರಿನ ಅಂಚು ಸವೆದು ಎಳೆ ಬಿಟ್ಟಿದೆ. ಅವರ ಕಣ್ಣು ಮೊದಲು ಮುಂದಿನ ಸೀಟಿನ ಮೇಲೆ ಬೀಳುತ್ತದೆ. ಅಲ್ಲಿ ನಾನಿದ್ದೇನೆ. ಒಂದು ಗಳಿಗೆ ನಿಂತು ಕೊನೆಯ ಸಾಲಿಗೆ ಹೋಗುತ್ತಾರೆ. ಅವರು ಇವತ್ತು ಕೂರಲೆಂದೇ ಬಂದಿದ್ದರೇ? ನನಗೆ ಕೂತಲ್ಲೇ ಮುಳ್ಳು ಚುಚ್ಚಿದಂತಾಗುತ್ತದೆ. ಎದ್ದುಬಿಡಲೇ ಎಂದು ಗೇರಕ್ಕನ ಕಡೆ ನೋಡಿದರೆ ಅವರು ಕಣ್ಣಲ್ಲೇ ಗದರುತ್ತಾರೆ.

ಮೊದಲ ಗೇಟು ಮೊಟ್ಟೆ ಫಾರಂ. ಎರಡು ಚಿಕ್ಕ ಹಾರ್ನ್. ಅಲ್ಲಿಯ ಉಸ್ತುವಾರಿ ಹೆಂಗಸು ಟೊಪ್ಪಿಗೆ ಸರಿ ಮಾಡಿಕೊಳ್ಳುತ್ತ ಓಡಿ ಬಂದು ಕಿಟಕಿಯಲ್ಲಿ ಇಣುಕುತ್ತಾರೆ.

"ಏನ್ ಬರುತ್ತೆ ನಿಮಗೆ?"

"ನಾನು ಬರೀತೀನಿ" ಎನ್ನುತ್ತೇನೆ.

"ಅದಿರ್ಲಿ. ಕೆಲಸ ಏನ್ ಬರುತ್ತೆ?"

ಬಸ್ಸಿನ ಹಿಂದೆ ಯಾರೋ ಕಿಸಕ್ಕೆಂದು ನಗುತ್ತಾರೆ. ಕೋಳಿಗೆ ಹೆದರುತ್ತೀರಾ ಎಂದು ಉಸ್ತುವಾರಿಯವರು ಕೇಳಿದಾಗ ನಾನು ಕೋಳಿ ಅಲ್ಲೇ ಇರುವಂತೆ ಕಾಲು ಮೇಲೆತ್ತಿಕೊಳ್ಳುತ್ತೇನೆ. "ಬೇಡ ಬಿಡಿ, ಇವರು ಕೋಳಿಗಳನ್ನ ಹೆದರಿಸ್ಬಿಡ್ತಾರೆ" ಎಂದು ಅವರು ಹೋಗಿಬಿಡುತ್ತಾರೆ. ಎಂಟು ಹತ್ತು ಜನ ಇಳಿದು ಒಳಗೆ ನಡೆಯುತ್ತಾರೆ. ಇಳಿಯುವವರ ಮುಖದಲ್ಲೆಲ್ಲ ನಗು.

ಲಾಂಡ್ರಿಯ ಗೇಟಿನಲ್ಲಿ ನನ್ನ ಅಂಗೈ ತಿರುಗಿಸಿ ನೋಡಲಾಗುತ್ತದೆ. ನೋಡಿದವನು ಆ ಕೈಯನ್ನು ಸೀಟಿನ ಮೇಲೆ ಮೆಲ್ಲಗೆ ವಾಪಸ್ ಇಟ್ಟು, "ಮನೇಲಿ ಒಂದು ಲೋಟನಾದ್ರೂ ತೊಳ್ದಿದ್ದೀರಾ?" ಎಂದು ಕೇಳುತ್ತಾನೆ. ಈ ಸಲ ಬಸ್ಸಿಗೆ ಬಸ್ಸೇ ಘೊಳ್ಳೆಂದು ನಗುತ್ತದೆ. ತರಕಾರಿ ಶೆಡ್ಡಿನಲ್ಲಿ, ದಿನವಿಡೀ ನಿಂತು ಕೆಲಸ ಮಾಡಬೇಕು ಎಂದು ಹೇಳುತ್ತ ಉಸ್ತುವಾರಿಯವರು ನನ್ನ ಹೊಟ್ಟೆಯನ್ನು ಅನುಮಾನದಿಂದ ನೋಡುತ್ತಾರೆ. ನನ್ನ ಹಿಂದಿನ ಸೀಟಿನ ಅಜ್ಜಿಗೆ ತಡೆಯಲಾಗುವುದಿಲ್ಲ. "ತಗೊಳ್ರೋ ಪಾಪ, ಟೊಮೆಟೊ ಪಕ್ಕ ಇಟ್ರೆ ಒಂದೇ ಥರ ಕಾಣ್ತಾರೆ" ಎನ್ನುತ್ತಾರೆ. ಬೆವರಿ ಕೆಂಪಾದ ನನ್ನ ಮುಖಕ್ಕೆ ಆ ಮಾತು ಸರಿಯಾಗಿಯೇ ಇದೆ. ಮೂರು ಗೇಟಿನಲ್ಲೂ ಬೇಡವಾದವನು ಎಂಬ ಖ್ಯಾತಿ ಹೊತ್ತು ನಾನು ಮುಂದೆ ಸಾಗುತ್ತೇನೆ. ಹೇಳಬೇಕಾದ ಒಂದು ಮಾತಿದೆ, ತಮಾಷೆ ಎಂದು ಗೊತ್ತಿದ್ದರೂ ಮೂರನೆಯ ಸಲ "ಬೇಡ" ಎಂದು ಕೇಳಿಸಿಕೊಂಡಾಗ ನಾನು ಹಿಂದೆ ತಿರುಗಿ ನೋಡುವುದನ್ನೇ ಬಿಟ್ಟೆ. ತಮಾಷೆಯಲ್ಲದೆ ಇಲ್ಲಿ ಕೂತವರಿಗೆ ಹೇಗಾಗುತ್ತದೋ ಆಗಲೇ ಅಂದಾಜಾಯಿತು.

ಶೆಡ್ಡಿನ ಜನ ಇಳಿದ ಮೇಲೆ ಬಸ್ಸು ಮುಕ್ಕಾಲು ಖಾಲಿ. ಬೀಜದ ಕಾರ್ಖಾನೆಗೆ ಹೋಗುವವರು, ಅಜ್ಜಿ, ಮೇಸ್ತ್ರಿ, ಇಷ್ಟೇ ಜನ. ಅಜ್ಜಿಯೂ ಅಲ್ಲೇ ಬೀಜ ಆರಿಸುತ್ತಾರೆ. ಅದಕ್ಕೆ ಮೊದಲು ಗಿರಣಿಯ ಗೇಟು ಬರುತ್ತದೆ. ತುಕ್ಕು ಹಿಡಿದ ಸರಳು, ಸರಪಳಿ, ಒಳಗೆ ಬಯಲು. ಗೇರಕ್ಕ ಎಂದಿನಂತೆ ಬ್ರೇಕ್ ಹಾಕುತ್ತಾರೆ. ಮೇಸ್ತ್ರಿ ಎಂದಿನಂತೆ ಎದ್ದು ಕಂಬಿ ಹಿಡಿದುಕೊಂಡು ಮುಂದೆ ಬರುತ್ತಾರೆ. ಬಾಗಿಲಿನ ಹತ್ತಿರ ನಿಲ್ಲುತ್ತಾರೆ. ಆದರೆ ಇಳಿಯುವುದಿಲ್ಲ.

ಇಂಜಿನ್ನಿನ ಗುರುಗುರು ಮಾತ್ರ ಕೇಳುತ್ತಿದೆ. ಮೇಸ್ತ್ರಿ ಹೊರಗಿನ ಬಯಲನ್ನು ಒಮ್ಮೆ ನೋಡಿ ನನ್ನ ಕಡೆ ತಿರುಗುತ್ತಾರೆ.

"ಸಾರ್, ತಪ್ಪು ತಿಳ್ಕೋಬೇಡಿ. ನಿಮಗೆ ಈ ದಾರೀಲಿ ಯಾರೂ ಕೆಲಸ ಕೊಡಲ್ಲ. ಸ್ವಲ್ಪ ಏಳ್ತೀರಾ?"

ನಾನು ಎದ್ದ ವೇಗಕ್ಕೆ ತಲೆ ಮೇಲಿನ ಕಂಬಿಗೆ ಬಡಿಯುತ್ತದೆ. ಯಾರೂ ನಗುವುದಿಲ್ಲ. ಅಜ್ಜಿ ಕಿಟಕಿಯ ಹೊರಗೆ ಏನೋ ಬಹಳ ಮುಖ್ಯವಾದದ್ದನ್ನು ನೋಡತೊಡಗುತ್ತಾರೆ. ಉಳಿದವರು ಚೀಲದಲ್ಲಿ ಏನೇನೋ ಹುಡುಕುತ್ತಾರೆ. ಒಂದು ಕಾಲದಲ್ಲಿ ಇವರಿಗೆಲ್ಲ ಕೆಲಸ ಕೊಟ್ಟ ಮನುಷ್ಯ ಕೆಲಸ ಕೇಳುವವರ ಜಾಗದಲ್ಲಿ ಕೂರುವಾಗ ಒಂದು ಕಣ್ಣೂ ಅವರ ಮೇಲಿಲ್ಲ. ಗೇರಕ್ಕ ಮಾತ್ರ ಬಟ್ಟೆ ತೆಗೆದು, ಆಗಲೇ ಸ್ವಚ್ಛವಾಗಿರುವ ಸೀಟನ್ನು ಇನ್ನೊಂದು ಸಲ ಒರೆಸುತ್ತಾರೆ. ಮೇಸ್ತ್ರಿ ಅಂಗಿಯ ತುದಿ ಎಳೆದು ಸರಿ ಮಾಡಿಕೊಂಡು ಕೂರುತ್ತಾರೆ. ಬಸ್ಸು ಕಿರುಚುತ್ತ ಎರಡನೇ ಗೇರಿಗೆ ಬೀಳುತ್ತದೆ. ನಾನು ಹಿಂದಿನ ಸೀಟಿಗೆ ಬಂದು ಕೂತು ಎದುರಿನ ಕಂಬಿ ಹಿಡಿದುಕೊಳ್ಳುತ್ತೇನೆ. ಈ ವಯಸ್ಸಿನವರನ್ನು ಬೇಡ ಎಂದುಬಿಟ್ಟರೆ?

ಬೀಜದ ಕಾರ್ಖಾನೆಯ ಗೇಟು. ಎರಡು ಚಿಕ್ಕ ಹಾರ್ನ್. ಹೊರಬಂದ ಮ್ಯಾನೇಜರು ಮೇಸ್ತ್ರಿಯ ಮಗನ ವಯಸ್ಸಿನವರು. ಜನ ಇಳಿಯುವುದಿಲ್ಲ, ಹಾಗೇ ಕೂತಿದ್ದಾರೆ. ಮ್ಯಾನೇಜರು ನರೆತ ತಲೆ ನೋಡಿ ಅನುಮಾನಿಸುತ್ತಾರೆ.

"ಯಜಮಾನ್ರೇ, ಏನ್ ಬೇಕಿತ್ತು?"

ಮೇಸ್ತ್ರಿ ಒಮ್ಮೆ ಕೆಮ್ಮಿ, "ಕೆಲಸ ಬೇಕು" ಎನ್ನುತ್ತಾರೆ. ಅಷ್ಟು ವರ್ಷ ಬೇರೆಯವರ ಬಾಯಲ್ಲಿ ಕೇಳಿದ ಎರಡು ಶಬ್ದ.

"ಮಷಿನ್ ಕೆಲಸ ಗೊತ್ತಾ? ಎಲ್ಲಿ ಮಾಡ್ತಿದ್ರಿ?"

"ಗಿರಣೀಲಿ. ಬೆಲ್ಟು, ಬೇರಿಂಗು, ಜನ, ಎಲ್ಲಾ ನೋಡ್ಕೋತಿದ್ದೆ."

"ನಮ್ದು ಪೂರಾ ಹೊಸ ಮಷಿನ್ನು, ಅದಕ್ಕೇ ಯೋಚನೆ."

"ಆ ಗಿರಣಿ ಮಷಿನ್ನುಗಳೂ ನಾನು ಸೇರಿದಾಗ ಹೊಸದೇ ಇದ್ವು ಸಾರ್. ನನ್ನ ಮುಂದೇನೇ ಹಳೇದಾದ್ವು."

ಮ್ಯಾನೇಜರು ನಗುತ್ತಾರೆ. ಗೇರಕ್ಕನ ಕಡೆ ನೋಡುತ್ತಾರೆ. ಕೊಟ್ಟ ಭಾಷೆ ನೆನಪಿಟ್ಟು ಗೇರಕ್ಕ ಬಾಯಿಗೆ ಬೀಗ ಹಾಕಿಕೊಂಡು ಸ್ಟೀರಿಂಗ್ ಹಿಡಿದಿದ್ದಾರೆ. "ಸರಿ, ಒಂದು ವಾರ ನೋಡೋಣ. ಆಮೇಲೆ ಕಾಯಂ ಮಾಡೋಣ. ನಾಳೆಯಿಂದ ಬನ್ನಿ" ಎನ್ನುತ್ತಾರೆ ಮ್ಯಾನೇಜರು.

ಮೇಸ್ತ್ರಿ ಆ ಮಾತಿಗೆ ತಲೆ ಎತ್ತುತ್ತಾರೆ. "ನಾಳೆಯಿಂದ ಬಾ ಅಂತ ನಾನೂ ಎಲ್ಲರಿಗೂ ಹೇಳ್ತಿದ್ದೆ. ಆ ಒಂದು ರಾತ್ರಿ ಅವರಿಗೆ ಎಷ್ಟು ಉದ್ದ ಆಗಿರುತ್ತೆ ಅಂತ ಯೋಚ್ನೆ ಮಾಡಿರ್ಲಿಲ್ಲ. ಇವತ್ತೇ ಬರ್ಲಾ ಸಾರ್?"

"ಬನ್ನಿ ಬನ್ನಿ" ಎಂದು ಮ್ಯಾನೇಜರು ಗೇಟು ಅಗಲಿಸುತ್ತಾರೆ.

ಆಮೇಲೆ ನಡೆದದ್ದು ಗದ್ದಲವೋ ಗದ್ದಲ. ಅಜ್ಜಿ ಬಸ್ಸಿನ ತಗಡನ್ನು ಎರಡೂ ಕೈಯಲ್ಲಿ ಬಡಿಯುತ್ತಾರೆ. "ನಡೀರಿ ಮೇಸ್ತ್ರಿಯವರೇ, ನಂಗೆ ಹೊತ್ತಾಯ್ತು, ಸಂಬಳ ಹಿಡ್ಕೊಂಡ್ರೆ ನೀವೇ ಜವಾಬ್ದಾರಿ" ಎಂದು ದಬಾಯಿಸಿ ಅವರನ್ನು ಮುಂದಿಟ್ಟುಕೊಂಡು ಇಳಿಯುತ್ತಾರೆ. ಬಸ್ಸು ಖಾಲಿಯಾಗುತ್ತದೆ. ಗೇರಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಹಾರ್ನಿನ ಮೇಲೆ ಕೈಯಿಟ್ಟು ಒತ್ತುತ್ತಾರೆ. ಒಂದೇ ಹಾರ್ನ್, ಬಹಳ ಉದ್ದ.

ವಾಪಸ್ ಬರುವ ದಾರಿಯಲ್ಲಿ ನಾನು ಬಾಯಿ ಬಿಟ್ಟು ಕೇಳುತ್ತೇನೆ. ಸಂದರ್ಶನ ಬೇಡವೇ ಬೇಡ ಎಂದು ಎಷ್ಟೋ ಸಲ ಫೋನಿಟ್ಟಿದ್ದವರು ನಿನ್ನೆ ತಾವಾಗಿಯೇ ಕರೆದು, ನಾಳೆಯೇ ಬನ್ನಿ ಎಂದಿದ್ದೇಕೆ?

"ಗೊತ್ತಾಗೋಯ್ತಾ?" ಎಂದು ಅವರು ನಗುತ್ತಾರೆ. "ಆ ಸೀಟಲ್ಲಿ ಒಬ್ಬ ಓದಿದೋರು ಕೂತು, ಎಲ್ಲಾ ಗೇಟಲ್ಲೂ ಬೇಡ ಅನ್ನಿಸ್ಕೊಂಡು, ಜನ ನಕ್ಕು, ಆದ್ರೂ ಏನೂ ಆಗಲ್ಲ ಅಂತ ಮೇಸ್ತ್ರಿಯವರು ನೋಡ್ಲಿ ಅಂತ. ಅಷ್ಟು ನಾಚಿಕೆ ಅಲ್ಲಿಂದ ಹೋಗ್ಲಿ ಅಂತ. ನಿಮ್ಮನ್ನ ಬಳಸ್ಕೊಂಡೆ ಸಾರ್, ಬೈಯೋದಿದ್ರೆ ಬೈದ್ಬಿಡಿ."

ಬೈಯುವುದೇನು ಬಂತು. ಇಷ್ಟು ವರ್ಷದ ಕಸುಬಿನಲ್ಲಿ ನಾನು ಇಷ್ಟು ಉಪಯೋಗಕ್ಕೆ ಬಂದದ್ದು ಇದೇ ಮೊದಲು.

ಸಂಜೆ ಅದೇ ಗೇಟುಗಳಿಂದ ಅದೇ ಜನ ಹತ್ತುತ್ತಾರೆ. ಬೀಜದ ಕಾರ್ಖಾನೆಯಿಂದ ಮೇಸ್ತ್ರಿ ಹತ್ತುತ್ತಾರೆ. ಬಿಳಿ ಅಂಗಿಯ ತೋಳು ಮಡಚಿದೆ, ಎದೆಯ ಮೇಲೆ ಗ್ರೀಸಿನ ಗೆರೆ, ಕೈ ಮೊಣಕೈವರೆಗೆ ಕಪ್ಪು. ಮುಂದಿನ ಸೀಟು ಖಾಲಿಯಿದೆ. ಅವರು ಅದನ್ನು ದಾಟಿಕೊಂಡು ಕೊನೆಯ ಸಾಲಿಗೆ ಹೋಗಿ, ತಮ್ಮ ಕಿಟಕಿ ಪಕ್ಕ ಕೂರುತ್ತಾರೆ. ಇಷ್ಟು ದಿನ ಕೂತಿದ್ದ ಜಾಗವೇ. ಇವತ್ತು ಕಾಲು ಚಾಚಿ ಕೂರುತ್ತಾರೆ.

ಗೇರಕ್ಕ ಒರೆಸುವ ಬಟ್ಟೆಯನ್ನು ಕೈಯಿಂದ ಕೈಗೆ ದಾಟಿಸಿ ಹಿಂದೆ ಕಳಿಸುತ್ತಾರೆ. "ಮೇಸ್ತ್ರಿಯವರೇ, ಕೈ ಒರೆಸ್ಕೊಳ್ಳಿ."

ಬಟ್ಟೆ ಹಾಗೇ ಕೈಯಿಂದ ಕೈಗೆ ವಾಪಸ್ ಬರುತ್ತದೆ. "ಇರ್ಲಿ ಬಿಡು ಹುಡುಗಿ. ಮನೇಲಿ ಅವಳು ನೋಡ್ಲಿ."

ಎಲ್ಲರೂ ಇಳಿದ ಮೇಲೆ ಶೆಡ್ಡಿನಲ್ಲಿ ಇಂಜಿನ್ನು ಆರುತ್ತದೆ. ಕಿಟಕಿಯಲ್ಲಿದ್ದ ಅತ್ತೆ ಒಳಗೆ ಹೋಗಿ ಚಹಾಕ್ಕೆ ನೀರಿಡುತ್ತಾರೆ. ನಿಮಗೆ ಏನಾದರೂ ಆಸೆ ಇದೆಯೇ ಎಂದು ನಮ್ಮ ಕಸುಬಿನ ಹಳೇ ಪ್ರಶ್ನೆಯನ್ನು ನಾನು ಗೇರಕ್ಕನಿಗೂ ಕೇಳುತ್ತೇನೆ. ಹೊಸ ಬಸ್ಸು, ಸನ್ಮಾನ, ಏನಾದರೂ? ಅವರು ಮುಂದಿನ ಸೀಟಿನ ಮೇಲೆ ಅಂಗೈ ಆಡಿಸುತ್ತಾರೆ.

"ಕೂರೋರೇ ಇಲ್ದೆ ಇದ್ರ ಮೇಲೆ ಧೂಳು ಕೂರ್ಬೇಕು ಸಾರ್. ಇಷ್ಟು ದಪ್ಪ ಧೂಳು. ನಾನು ಒರೆಸಲ್ಲ, ಹಾಗೇ ನೋಡ್ತಾ ಬಸ್ಸು ಓಡಿಸ್ತೀನಿ."

ಹೇಳಿ, ಬಟ್ಟೆಯನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿ, ನಾಳೆ ಬೆಳಗ್ಗೆ ಕೈಗೆ ಸಿಗುವಂತೆ ಕಂಬಿಗೆ ಹಾಕುತ್ತಾರೆ.